ಶಾಂತಕ್ಕ ತಾನೇ ತಳ್ಳಿಕೊಂಡ ಕುರ್ಚಿ

ಹಿಂದಿನಿಂದ ಯಾರಾದರೂ ಗಾಲಿಕುರ್ಚಿಗೆ ಕೈ ಹಾಕಿದರೆ ಶಾಂತಕ್ಕ ಒಗ್ಗರಣೆ ಸಾಸಿವೆಯ ಹಾಗೆ ಸಿಡಿಯುತ್ತಿದ್ದಳು. "ಕೈ ತೆಗಿಯಲೇ! ನಾನೇನು ತರಕಾರಿ ಗಾಡಿನಾ?"

ಶಿವನಿ ಹತ್ತಿರದ ನಮ್ಮೂರಿನ ಡೈರಿಯಲ್ಲಿ ಹಾಲು ಅಳೆಯುತ್ತಿದ್ದವಳು ಅವಳು. ನೀರು ಬೆರೆಸಿ ತಂದವರಿಗೆ, "ಏನಪ್ಪಾ, ನಿಮ್ಮೆಮ್ಮೆ ರಾತ್ರಿಯೆಲ್ಲಾ ಕೆರೇಲೇ ಮಲಗಿತ್ತಾ?" ಅನ್ನುವಳು. ಒಂದು ದಿನ ತೆಂಗಿನಕಾಯಿ ತುಂಬಿದ ಟ್ರೈಲರ್ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಗಂಡನಿಲ್ಲದವಳು, ಅಣ್ಣ ಬಸಣ್ಣನ ಮನೆಯಲ್ಲಿದ್ದಳು. ಡೈರಿ ಸೆಕ್ರೆಟರಿ ಅವಳ ಜಾಗ ಖಾಲಿ ಇಟ್ಟುಕೊಂಡು ಒಂದೇ ಮಾತು ಹೇಳಿದ್ದರು: "ನೀನೇ ಬರೋ ಹಂಗಿದ್ರೆ ಬಾರಮ್ಮ. ದಿನಾ ಒಬ್ರು ತಂದು ಬಿಡೋದು, ಕರ್ಕೊಂಡೋಗೋದು ಆಗಾಕಿಲ್ಲ."

ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ತರೀಕೆರೆಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಓದಿದ್ದು ದಂಡವಾಗಲಿಲ್ಲ ಅನಿಸಿದ್ದು ಶಾಂತಕ್ಕನಿಗೆ ಕುರ್ಚಿ ತಳ್ಳುವುದನ್ನು ಕಲಿಸಿದಾಗ. ಚಕ್ರದ ಹೊರಮಗ್ಗುಲಿಗೆ, ಕೈಯಿಂದ ತಳ್ಳಲೆಂದೇ, ಉಕ್ಕಿನ ರಿಂಗು ಇರುತ್ತದೆ. ಮೊದಮೊದಲು ಅವಳು ಅದನ್ನು ಪಟಪಟ ಕುಟ್ಟಿ, ನಾಲ್ಕು ಮಾರು ಹೋಗುವಷ್ಟರಲ್ಲಿ ಭುಜ ಹಿಡಿದುಕೊಂಡು ನಿಲ್ಲುತ್ತಿದ್ದಳು. ಹಿಂದಿನಿಂದ ಹಿಡಿದು ಉದ್ದಕ್ಕೆ ತಳ್ಳು, ಆಮೇಲೆ ಕೈ ಕೆಳಗೆ ಜೋತುಬಿಟ್ಟು ವಾಪಸ್ ತಾ, ಟೈರಿನ ಗಾಳಿ ಕಮ್ಮಿಯಾಗಲು ಬಿಡಬೇಡ ಎಂದೆ. "ಬಾವಿ ಹಗ್ಗ ಸೇದ್ದಂಗೆ ಅನ್ನು" ಅಂದಳು. ಒಂದು ಮಳೆಗಾಲ ಕಳೆಯುವುದರಲ್ಲಿ ಡೈರಿಯ ಏರು ಹತ್ತಿ, ಸೆಕ್ರೆಟರಿ ಎದುರು ಕುರ್ಚಿ ನಿಲ್ಲಿಸಿ, "ಕ್ಯಾನ್ ಎಲ್ಲಿಟ್ಟಿದೀರ?" ಎಂದಳು. ಸೋಮವಾರದಿಂದ ಬಾ ಅಂದರು.

ತೊಡಕಿದ್ದದ್ದು ಮನೆ ಬಾಗಿಲಲ್ಲಿ. ರಿಂಗಿನ ಅಗಲಕ್ಕೆ ಕುರ್ಚಿ ಒಳಗೆ ಹೋಗುತ್ತಿರಲಿಲ್ಲ. ಅದನ್ನು ಹೊರಗೇ ಬಿಟ್ಟು ಅವಳನ್ನು ಎತ್ತಿಕೊಂಡು ಹೋಗಬೇಕಿತ್ತು. ಬಾಗಿಲು ಅಗಲ ಮಾಡಿಸಿ ಎಂದೆ. ಬಸಣ್ಣ ಕೆರಳಿದ.

"ಪೂಜೆ ಮಾಡಿ ನಿಲ್ಸಿರೋ ಬಾಗ್ಲು ಕಣಮ್ಮ. ನಮ್ಮನೆಯವ್ಳು ದಿನಾ ಹೊಸ್ಲಿಗೆ ಅರಿಶಿನ ಹಚ್ತಾಳೆ. ಅದನ್ನ ಗರಗಸದಲ್ಲಿ ಕುಯ್ಸು ಅಂತೀಯಲ್ಲ, ಓದ್ಕಂಡೋರಿಗೆ ದೇವ್ರೂ ಬ್ಯಾಡ್ವಾ?"

ಆ ಭಾನುವಾರವೇ ಕುರ್ಚಿಯನ್ನು ಅಜ್ಜಂಪುರದ ವೆಲ್ಡಿಂಗ್ ಶಾಪಿಗೆ ಒಯ್ದು ಎರಡೂ ರಿಂಗು ಕತ್ತರಿಸಿಕೊಂಡು ಬಂದ. "ನೋಡು ಶಾಂತಾ, ಈಗ ಹೆಂಗೆ ಒಳಕ್ಕೆ ಬರುತ್ತೆ! ತಳ್ಳಕ್ಕೆ ನಾವಿಲ್ವೇನೇ?" ಪ್ರೀತಿಯಿಂದಲೇ ಅಂದ. ನನಗೆ ನುಂಗಲಾಗದ್ದು ಅದೇ.

ಸೋಮವಾರ ಅವಳು ಬರೀ ಟೈರು ಹಿಡಿದೇ ಹೊರಟಳು. ಕೆಸರಾದ ಟೈರು ಕೈಯಲ್ಲಿ ನಿಲ್ಲಲಿಲ್ಲ. ಅಂಗೈ ಸುಲಿಯಿತು. ಏರಿನ ಅರ್ಧದಲ್ಲಿ ಕುರ್ಚಿ ಹಿಂದಕ್ಕೆ ಉರುಳಿತು. ದಾರಿಹೋಕರು ಹಿಡಿದು ಮನೆಗೆ ತಳ್ಳಿಕೊಂಡು ಬಂದರಂತೆ. ಶಾಂತಕ್ಕ ಯಾರನ್ನೂ ಬೈಯಲಿಲ್ಲವಂತೆ.

ಕಡೂರಿನಲ್ಲಿ ಹುಡುಕಿ ನಾನು ಬೇರೆ ರಿಂಗು ತರುವ ಹೊತ್ತಿಗೆ ಡೈರಿಗೆ ಇನ್ನೊಬ್ಬಳು ಸೇರಿಯಾಗಿತ್ತು. ಶಾಂತಕ್ಕ ಟೀವಿ ಮುಂದೆ ಕೂತಿದ್ದಳು, ಮನೆಯವರು ತಂದು ಬಿಟ್ಟ ಕಡೆ.

"ತಗಂಡೋಗೇ. ಅದನ್ನ ಹಾಕ್ಸಿದ್ರೆ ಮತ್ತೆ ಬಾಗ್ಲಲ್ಲಿ ಹಿಡಿಯಲ್ಲ."

"ಹಿಡೀದಿದ್ರೆ ಹೊರಗಿರ್ಲಿ ಬಿಡಕ್ಕ, ನೀನು ಓಡಾಡಬೋದಲ್ಲ."

"ಓಡಾಡಿ ಎಲ್ಲಿಗೆ ಹೋಗ್ಲಿ ಹೇಳು?"

ಆಮೇಲೆ ನಾನು ಅವಳನ್ನು ನೋಡಲಿಲ್ಲ. ಕೂತಲ್ಲೇ ಕೂತು ಹುಣ್ಣಾಗಿ, ಜ್ವರ ಏರಿ ಹೋದಳು. ತಿಥಿ ಊಟಕ್ಕೆ ಸೇರಿದವರ ಬಾಯಲ್ಲೆಲ್ಲ ಬಸಣ್ಣನ ಹೊಗಳಿಕೆ: "ಇಂಥಾ ಅಣ್ಣ ಸಿಗಲ್ಲ ಕಣ್ರೀ. ಕೊನೇವರ್ಗೂ ತಂಗಿ ಕೈಗೆ ಒಂದು ಕೆಲ್ಸ ಹಚ್ಲಿಲ್ಲ."