ಖುಶನುಮಾ ಹಾಕಿದ ಕೊಂಡಿ

ಹೂಂ, ನಗು ನಗು. ಆದ್ರ ನಕ್ಕೋತನ ಬರಕೋ ಪದ್ಮಿ, ಕೈ ನಿಲ್ಲಸಬ್ಯಾಡ. ಖುಶನುಮಾನ ಸುದ್ದಿ ಕಾಗದದ ಮ್ಯಾಲೆ ಬರಬೇಕು. ಇಲ್ಲಂದ್ರ ಇದೂ ನಿಮ್ಮ ಗುರುಮಾಮಾನ ಹೆಸರಿಗೇ ಜಮಾ ಆಗ್ತದ!

ಖುಶನುಮಾ ಅಂದ್ರ ನಮ್ಮ ಎದುರುಮನಿ ಜಲಾಲುದ್ದೀನನ ಮಗಳು. ಅವರಪ್ಪ ನೂಲಿಗೆ ಬಣ್ಣಾ ಹಾಕಾಂವ. ಸಣ್ಣಾಕಿ ಇದ್ದಾಗ ಈ ಹುಡುಗಿ ಅಂಗೈ ಒಂದಿನ ಕೆಂಪು, ಒಂದಿನ ನೀಲಿ. ನಮ್ಮ ಗ್ವಾಡಿ ಮ್ಯಾಲೆ ಆಕಿ ಕೈ ಒತ್ತಿದ್ದು ಇನ್ನೂ ಅದ, ಅದರ ಮ್ಯಾಲೆ ಸುಣ್ಣಾ ಹಚ್ಚಲಿಕ್ಕೆ ನಾ ಬಿಟ್ಟಿಲ್ಲ. ಕಂಪ್ಯೂಟರ್ ಕಲೀಲಿಕ್ಕೆ ಬಾಗಲಕೋಟಿಗೆ ಹೋಗಿಬರತಿದ್ಲು. ಅಮೀನಗಡದಾಗ ಬಸ್ಸು ನಿಂತ್ರ ನನಗ ಕರದಂಟು ತರಾಕಿ. ಹಲ್ಲಿಲ್ಲವಾ ಅಂದ್ರ, "ಚೀಪ್ರಿ ಅಜ್ಜಿ" ಅಂತಿದ್ಲು. ಎಲ್ಲಿದ್ದೆ ನಾ? ಹಾಂ, ಕಂಪ್ಯೂಟರ್.

ಇಲ್ಲೆ ಇಲಕಲ್ಲದಾಗ ನೇಕಾರ ಹೆಣ್ಣಮಕ್ಕಳ ಸಂಘಕ್ಕ ಆಕೀನ ಒಂದು ವೆಬ್‌ಸೈಟ್ ಮಾಡಿ, ಸಂಘದ ಕೋಣ್ಯಾಗಿನ ಹಳೇ ಕಂಪ್ಯೂಟರಿನಾಗ ಇಟ್ಟಾಳ. ಹೊರಗಿನವರ ಹಂಗಿಲ್ಲ. ಯಾರು ಸೀರಿ ಅಂಚಿಗೆ ಯಾವ ದಡಿ ನೇಯ್ದರು, ಯಾವ ಸೆರಗು, ಎಲ್ಲಾ ಫೋಟೋ ಸಮೇತ ಅವರವರ ಹೆಸರಿನಾಗ. ಆ ಹೆಸರನ ಚೀಟಿಯಾಗಿ ಸೀರಿಗೆ ಹತ್ತತದ. ಬಾದಾಮಿ ಅಂಗಡ್ಯಾಗ ಮಂದಿ ಓದಿ ಸೀರಿ ಕೊಳ್ತಾರ.

ಮೊದಲಿಗೆ ಹೆಸರು ಹಚ್ಚಸೂಮುಂದ ಆ ವೆಬ್‌ಸೈಟ್ ಈಮೇಲ್ ಕೇಳ್ತು. ಕುಣಿಯೊಳಗ ಕಾಲ ಇಳಿಬಿಟ್ಟು ಮಗ್ಗದ ಮುಂದ ಕೂತಾಕಿಗೆ ಎಲ್ಲೀ ಈಮೇಲ್? ಸಂಘದ ಕಾರ್ಯದರ್ಶಿ ನಮ್ಮ ಗುರುರಾಜ, ನನ್ನ ತಮ್ಮನ ಮಗ, ಅವನ ನಿಮ್ಮ ಗುರುಮಾಮಾ, "ಎಲ್ಲಾರಿಗೂ ನಂದ ಹಾಕಿಬಿಡವಾ" ಅಂದ. ಅವಾಗ ಅದು ಉಪಕಾರನ, ಸುಳ್ಳ ಯಾಕ ಹೇಳ್ಲಿ. ಗ್ಯಾಸಿನವರಿಗೆ ಓಣಿ ಮಂದೆಲ್ಲಾ ಒಂದ ಫೋನ್ ನಂಬರ್ ಕೊಡೂದಿಲ್ಲೇನು? ಹಂಗ. ಪಾಸ್‌ವರ್ಡ್ ಬ್ಯಾರೆ ಬ್ಯಾರೆ ಇತ್ತು, ನಡೀತು.

ಈಗ ಬಾಗಲಕೋಟಿಯಿಂದ ವಿಕಾಸ ಅನ್ನೋ ಕಂಪ್ಯೂಟರಿನಾಂವನ್ನ ಗುರುರಾಜ ಕರಸಿದ. ವೆಬ್‌ಸೈಟಿಗೆ, ಹಾಜರಿಗೆ, ಅಂಗಡಿ ಕೆಲಸಕ್ಕ, ಎಲ್ಲಾದಕ್ಕೂ ಒಂದ ಲಾಗಿನ್. ಒಂದ ಕೀಲಿಕೈ, ಎಲ್ಲಾ ಬಾಗಲಾ. ಛಲೋನ ಅಲ್ಲೇನು? ಖುಶನುಮಾ ಅಂದ್ಲು, "ಮೊದಲು ಒಬ್ಬೊಬ್ಬರದೂ ಸ್ವಂತ ಫೋನ್ ನಂಬರ್ ಹಾಕೂಣ್ರಿ."

"ಬ್ಯಾಡ ಮೇಡಂ, ಈಮೇಲ್ ನೋಡಿ ಹಳೇ ಖಾತೆ ತಾನ ಕೂಡಿಸ್ಕೋತೈತಿ" ಅಂದ ವಿಕಾಸ.

ಕೂಡಿಸ್ತಲ್ಲಾ! ಈಮೇಲ್ ಒಂದನ, ಹಿಂಗಾಗಿ ಅಷ್ಟೂ ಹೆಣ್ಣಮಕ್ಕಳನ್ನ ಕೂಡಿಸಿ ಒಬ್ಬ ಗಂಡಸನ್ನ ಮಾಡಿಟ್ತು.

ಮರುದಿನ ನಮ್ಮ ಓಣಿ ಬಾಳಮ್ಮ ಬಂದು ಹೊಸಾ ಲಾಗಿನ್ ತಗಿಸಿದ್ಲು. ಪರದೆ ಮ್ಯಾಲೆ "ನಮಸ್ಕಾರ, ಗುರುರಾಜ" ಅಂತ ಬಂತು.

"ಅಯ್ಯ ಶಿವನ! ನಾ ಯಾವಾಗ ಗುರುರಾಜ ಆದ್ನಿ? ಮೀಸಿ ಬಂದಾವೇನ ನೋಡವಾ!"

ಎಲ್ಲಾರೂ ಹೊಟ್ಟಿ ಹಿಡಕೊಂಡ ನಕ್ಕರು. ಅಷ್ಟರಾಗ ಚೀಟಿ ಅಚ್ಚಾಗಿ ಬಂದ್ವು. "ನೇಯ್ದವರು: ಗುರುರಾಜ." ಎಲ್ಲಾ ಸೀರಿಗೂ! ನಗಿ ಅಲ್ಲೇ ನಿಂತಿತು. ಬಾಳಮ್ಮ ಸೊಂಟ ಸೋಲುತನಕ ಕೂತು ತಾನ ಹುಡುಕಿದ ಹೊಸಾ ದಡಿ, ಪದ್ಮಿ! ಇಂವ ಜನ್ಮದಾಗ ಒಮ್ಮೆ ಲಾಳಿ ಮುಟ್ಟಿಲ್ಲ. ಅಂಗಿ ಗುಂಡಿ ಕಿತ್ರ ಹೇಂತಿನ್ನ ಕರೀತಾನ.

"ಯಾರ ಹೆಸರಿದ್ರ ಏನಾತು ಅತ್ಯಾ, ಸೀರಿ ಸಂಘದ್ದನ ಅಲ್ಲಾ?" ಅಂದ ನನ್ನ ಮುಂದ.

"ನಿನ್ನ ಲಗ್ನಪತ್ರಿಕ್ಯಾಗ ವರ ಅಂತ ಬಾಜೂಮನಿಯಾಂವನ ಹೆಸರ ಹಾಕಿದ್ರ ನಡೀತಿತ್ತೇನೋ ಭಾಡ್ಯಾ?" ಅಂದೆ. ನಾ ಎತ್ತಿ ಆಡಿಸಿದ ಕೂಸು ಅದು, ಆದ್ರೂ ಅಂದೆ. ಇನ್ನೂ ಸಿಟ್ಟ ಇಳದಿಲ್ಲ ನೋಡು.

ಖುಶನುಮಾ ಒದರಲಿಲ್ಲ. ಒಂದು ಸೀರಿ ಬಿಚ್ಚಿ ವಿಕಾಸನ ಮುಂದ ಹಿಡದ್ಲು. "ಅಣ್ಣಾ, ಇದು ಒಡಲು, ಇದು ಸೆರಗು. ಎರಡರ ನೂಲೂ ಬ್ಯಾರೆ. ಕೂಡಸೂದು ಕೊಂಡಿ. ಒಂದ ಎಳಿಗೆ ಒಂದ ಕೊಂಡಿ. ಎಲ್ಲಾ ಎಳಿ ಹಿಡದು ಒಂದ ಗಂಟ ಹೊಡದ್ರ ಸೀರಿ ಆಗಂಗಿಲ್ಲ, ಗೋಣಿಚೀಲದ ಬಾಯಿ ಆಗ್ತೈತಿ."

ಪುಣ್ಯಾಕ್ಕ, ಕೆಡೂಕಿಂತ ಮೊದಲಿನ ಖಾತೆಗಳ ನಕಲು ಆಕಿ ತಗದಿಟ್ಟಿದ್ಲು. ಅದನ್ನ ಹೊಳ್ಳಿ ಹಾಕಿದ್ಲು. ಈಗ ಒಬ್ಬೊಬ್ಬಾಕಿನ್ನ ಕರದು, ಆಕೀ ಫೋನಿಗೆ ಬಂದ ನಂಬರ್ ಆಕೀ ಬಾಯಲೇ ಹೇಳಿಸಿ ಕೊಂಡಿ ಹಾಕಲಿಕ್ಕತ್ತಾಳ. ಮಗನ ಫೋನ್ ತಂದಾಕಿನ್ನ ವಾಪಸ್ ಕಳಸ್ತಾಳ. ವಿಕಾಸ ಬಾಜೂ ಕೂತು ಹೆಸರು ಓದ್ತಾನ, ಪಾಪ.

ಎಲ್ಲಾರದೂ ಮುಗೀತ ಬಂದದ, ಬಾಳಮ್ಮ ಒಬ್ಬಾಕಿ ಬಂದಿಲ್ಲ. "ನನ್ನ ಹೆಸರ ನುಂಗಿದ ಪೆಟ್ಟಿಗಿ ಮುಂದ ನಾ ಹೊಳ್ಳಿ ಕೂಡಂಗಿಲ್ಲ" ಅಂತ ಮಾರಿ ತಿರುವಿ ಕೂತಾಳ. ನಾಳೆ ಮುಂಜಾನೆ ಸೀರಿ ಬಾದಾಮಿಗೆ ಹೋಗ್ತಾವ. ಕೊಂಡಿ ಹಾಕಿಸದಿದ್ರ ಹೆಸರಿನ ಚೀಟಿ ಅಚ್ಚಾಗಂಗಿಲ್ಲ; ಈಕಿ ಬರಲಿಲ್ಲಂದ್ರ ಆ ದಡಿ ಹೆಸರಿಲ್ಲದ ಹೋಗ್ತದ.

ಸಾಕು, ಪೆನ್ನ ಇಡು. ಚಪ್ಪಲಿ ಮೆಟ್ಟಿ ಬಾಳಮ್ಮನ ಮನಿಗೆ ಹೋಗು. ಆಕೀ ಫೋನು ಆಕೀ ಕೈಯಾಗನ ಹಿಡಿಸಿ ಸಂಘಕ್ಕ ಕರಕೊಂಡ ಹೋಗು. ಬ್ಯಾಟ್ರಿ ಇಳದಿದ್ರ ಚಾರ್ಜರ್ ಸೈತ ತೊಗೋ. ಅಷ್ಟಕ್ಕೂ ಏಳಲಿಲ್ಲಂದ್ರ ಬಾಗಲಾಗ ನಿಂತು, "ಗುರುರಾಜವ್ವಾರ, ಇದ್ದೀರೇನ್ರಿ?" ಅಂತ ಜೋರಲೇ ಕೂಗು. ಬೈಕೋತ ಓಡಿ ಬರ್ತಾಳ.