ನನ್ನ ಅಂಗಾಲು ನನಗೆ ಕಂಡ ಶನಿವಾರ

ತುಳಸಿಗೇರಿಯ ಮಾರುತಿಗೆ ನಡೆದುಕೊಳ್ಳುವ ಎಲ್ಲ ಹಿರಿಯರಿಗೂ ತಾಯಂದಿರಿಗೂ ಕೆರೂರಿನ ಒಬ್ಬ ಟೇಲರನ ಶರಣು. ನನ್ನ ಕಾಲು ಒಳಗೇ ಕೊಳೆಯುತ್ತಿತ್ತು, ನನಗೆ ಗೊತ್ತಿರಲಿಲ್ಲ. ಸ್ವಾಮಿ ಅದನ್ನು ತಿಳಿಸಿಕೊಟ್ಟ ರೀತಿ ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ನಾನು ಬಟ್ಟೆ ಕತ್ತರಿಸುವವನು, ಬರೆದು ರೂಢಿಯಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

೧೯೭೮ರಲ್ಲಿ ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಆಗ ನನಗೆ ನಲವತ್ತಾರು. ನಮ್ಮೂರಿನ ಡಾಕ್ಟರು ಗುಳಿಗೆ ಬರೆದುಕೊಟ್ಟು, "ತಿಂಗಳಿಗೊಮ್ಮೆ ಬಾಗಲಕೋಟಿಗೆ ಹೋಗಿ ಮೂತ್ರ ಪರೀಕ್ಷಾ ಮಾಡಿಸ್ಕೊಂಡು ಬರ್ರಿ, ತಪ್ಪಸಬ್ಯಾಡ್ರಿ" ಎಂದರು. ನಾನು ಹೋಗುತ್ತಿದ್ದ ದವಾಖಾನೆಗೆ ಸುತ್ತಲಿನ ಹಳ್ಳಿಗಳೆಲ್ಲ ಬಂದು ಬೀಳುತ್ತಿದ್ದವು. ಡಾಕ್ಟರು ಒಬ್ಬರೇ, ಕಂಪೌಂಡರನೂ ಒಬ್ಬನೇ. ನಮ್ಮಂಥವರ ತಪಾಸಣೆ ಎಂದರೆ ವರಾಂಡದ ಒಂದು ಕಿಟಕಿ. ಮನೆಯಿಂದ ತಂದ ಬಾಟಲಿಯನ್ನು ಅಲ್ಲಿ ಕೊಟ್ಟರೆ ಕಂಪೌಂಡರ್ ಕೆಲವು ಹನಿಗಳನ್ನು ನೀಲಿ ಔಷಧದಲ್ಲಿ ಹಾಕಿ ಕಾಯಿಸುತ್ತಿದ್ದ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿದರೆ ಜೋರಾಗಿದೆ. "ನೀಲಿ" ಎಂದು ಚೀಟಿ ಬರೆದು, ಗುಳಿಗೆಯ ಪೊಟ್ಟಣ ಕೈಗಿಟ್ಟು, "ಮುಂದಿನವ್ರು ಬರ್ರಿ" ಎನ್ನುತ್ತಿದ್ದ. ತಲೆ ಎತ್ತಿ ಮುಖ ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಹಿಂದೆ ಅಷ್ಟು ದೊಡ್ಡ ಸಾಲು ನಿಂತಿರುವಾಗ ಅವನನ್ನು ಬೈದು ಏನು ಫಲ?

ನಾನು ಒಂದು ಹರಕೆ ಹೊತ್ತೆ. ಪ್ರತಿ ಸಲ ಚೀಟಿಯಲ್ಲಿ ನೀಲಿ ಬಂದರೆ ಬಾಗಲಕೋಟೆಯಿಂದ ತುಳಸಿಗೇರಿಗೆ ಬರಿಗಾಲಲ್ಲಿ ನಡೆದು ದರ್ಶನ ಮಾಡುತ್ತೇನೆ ಎಂದು. ಅದಕ್ಕೆಂದೇ ತಪಾಸಣೆಗೆ ಶನಿವಾರವನ್ನೇ ಹಿಡಿದೆ, ಆ ದಿನ ಮನೆಯಿಂದಲೇ ಚಪ್ಪಲಿ ಬಿಟ್ಟು ಹೊರಡುತ್ತಿದ್ದೆ. ಇನ್ನೊಂದು ನಾಚಿಕೆಗೇಡಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ತಿಂಗಳಿಡೀ ಕರೆದ ಮನೆಯ ಹೋಳಿಗೆಯನ್ನೂ ಬಿಡುತ್ತಿರಲಿಲ್ಲ, ಆ ವಾರ ಮಾತ್ರ ಗುರುವಾರದಿಂದಲೇ ಬಾಯಿ ಕಟ್ಟುತ್ತಿದ್ದೆ. ನೀಲಿ ಬರದೆ ಇನ್ನೇನಾದೀತು? ನನ್ನ ಹೆಂಡತಿ ಗಂಗವ್ವನಿಗೆ ಇದು ಗೊತ್ತಿತ್ತು. "ಯಾರಿಗೆ ಟೋಪಿ ಹಾಕಾಕತ್ತೀರಿ? ಕಂಪೌಂಡರಗೋ, ಮಾರುತಿಗೋ?" ಎಂದು ಕೇಳುತ್ತಿದ್ದಳು. "ಅಂವ ನೀಲಿ ಕೊಡ್ತಾನ, ನಾ ನಡಕೊಂಡು ಹೋಗ್ತೇನಿ. ನಡುವ ನಿಂದೇನು?" ಎಂದು ನಾನು ರೇಗುತ್ತಿದ್ದೆ.

ಮೂರನೆಯ ವರ್ಷಕ್ಕೆ ಒಂದು ಪವಾಡವೂ ಆಯಿತು. ಎಷ್ಟು ನಡೆದರೂ ಕಲ್ಲು ಒತ್ತುತ್ತಿರಲಿಲ್ಲ, ಬಿಸಿಲಿಗೆ ಕಾದ ಡಾಂಬರು ಸುಡುತ್ತಿರಲಿಲ್ಲ. ಜೊತೆಗೆ ನಡೆಯುವವರು ಹಾಯ್ ಹೂಯ್ ಎಂದು ರಸ್ತೆಯ ಅಂಚಿನ ಹುಲ್ಲು ಹುಡುಕುವಾಗ ನಾನು ನಡುರಸ್ತೆಯಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದೆ. ಸ್ವಾಮಿ ನನ್ನ ಕಾಲ ಕೆಳಗೆ ಕೈ ಹಿಡಿದಿದ್ದಾನೆ ಎಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಮೆರೆದೆ.

೧೯೮೧ರ ಶ್ರಾವಣದ ಎರಡನೇ ಶನಿವಾರ ಮೊದಲ ಬಸ್ಸಿಗೆ ಹೊರಟೆ. ಬಾಗಲಕೋಟೆಯ ಬಸ್ ಸ್ಟ್ಯಾಂಡಿನಿಂದ ನಡೆದು ದವಾಖಾನೆ ತಲುಪಿದರೆ ಕಿಟಕಿ ಮುಚ್ಚಿತ್ತು. ವರಾಂಡದ ತುಂಬ ಜನ. ನರ್ಸಬಾಯಿ ಹೊರಗೆ ಬಂದು, "ಡಾಕ್ಟರ್ ಹಳ್ಳ್ಯಾಗ ಆಪರೇಷನ್ ಕ್ಯಾಂಪಿಗೆ ಹೋಗ್ಯಾರ. ಕಂಪೌಂಡರನ್ನೂ ಕರಕೊಂಡು ಹೋಗ್ಯಾರ. ಸಕ್ಕರಿ ಪರೀಕ್ಷಾದವ್ರು ಸೋಮವಾರ ಬರ್ರಿ" ಎಂದರು.

ಸೋಮವಾರದ ತನಕ ನನ್ನ ನೀಲಿ ಉಳಿಯುವಂತಿರಲಿಲ್ಲ. ಗುಳಿಗೆ ಮುಗಿದು ಮೂರು ದಿನವಾಗಿತ್ತು. ಎರಡು ದಿನದ ಉಪವಾಸಕ್ಕೆ ತಲೆ ಸುತ್ತುತ್ತಿತ್ತು, ಹಿಂದಿನ ವಾರದಿಂದ ಚಳಿಜ್ವರವೂ ಬಂದು ಹೋಗುತ್ತಿತ್ತು. ಹೀಗೇ ಒಂದು ದಿನ ಯಾರ ಕಣ್ಣಿಗೂ ಬೀಳದೆ ಸಾಯುತ್ತೇನೆ ಎನಿಸಿತು. ಸಿಟ್ಟಿನಿಂದ ವರಾಂಡದ ಉದ್ದಕ್ಕೂ ಅತ್ತಿತ್ತ ತಿರುಗಿದೆ. ಕೊನೆಗೆ ಗೋಡೆಗೆ ಹಣೆ ಹಚ್ಚಿ ನಿಂತು ಬೇಡಿಕೊಂಡೆ: "ಸ್ವಾಮಿ, ಮೂರು ವರ್ಷ ನಿನ್ನ ಬಾಗಿಲಿಗೆ ನಡೆದಿದ್ದೇನೆ. ಇವತ್ತು ಯಾರಾದರೂ ಒಬ್ಬರು ನನ್ನನ್ನು ನೋಡುವ ಹಾಗೆ ಮಾಡು."

ಅಷ್ಟರಲ್ಲಿ ಹಿಂದೆ ಒಂದು ದನಿ ಕೇಳಿಸಿತು. "ಯಾರ್ರಿ ಇದು ರಕ್ತದ ಕಾಲು ಇಟ್ಟಾವ್ರು? ಈಗ ಒರಸೇನಿ ನಾ." ನೆಲ ಒರೆಸುವ ಆಯಾ ಲಕ್ಕವ್ವ ಕೈಯಲ್ಲಿ ಒದ್ದೆ ಅರಿವೆ ಹಿಡಿದು ನಿಂತಿದ್ದಳು. ಹಸಿ ಫರಸಿ ನೆಲದ ಮೇಲೆ ಬಲಗಾಲಿನ ಕೆಂಪು ಗುರುತುಗಳು ಅತ್ತಿತ್ತ ಓಡಾಡಿದ್ದವು. ನೋಡಿದ ಕೂಡಲೇ ನನಗೆ ಹೇಸಿಕೆ ಬಂತು. ಪಕ್ಕದಲ್ಲಿ ಬೇವೂರಿನ ಒಬ್ಬ ಮುದುಕ ಕುಳಿತಿದ್ದ. "ಅಜ್ಜಾ, ನಿನ್ನ ಕಾಲ ನೋಡ್ಕೊ. ಎಷ್ಟು ಹೊಲಸು ಮಾಡೀದಿ" ಎಂದೆ. ಅವನು ಪಾಪ, ಎರಡೂ ಕಾಲು ಎತ್ತಿ ತೋರಿಸಿದ. ಧೂಳು ಬಿಟ್ಟರೆ ಏನೂ ಇರಲಿಲ್ಲ. "ನಂದಲ್ಲಪಾ" ಎಂದ.

ಲಕ್ಕವ್ವ ನಮ್ಮ ಮಾತಿಗೆ ಕಿವಿಗೊಡದೆ ಬಗ್ಗಿ ಗುರುತು ಹಿಡಿದು ನಡೆದಳು. ಗೇಟಿನಿಂದ ಕಿಟಕಿಗೆ, ಕಿಟಕಿಯಿಂದ ಆ ತುದಿಗೆ, ಆ ತುದಿಯಿಂದ ಗೋಡೆಗೆ. ನನ್ನ ಮುಂದೆ ಬಂದು ನಿಂತಳು.

"ಅಣ್ಣಾರ, ಕಾಲ ಎತ್ರಿ."

"ನಂದಲ್ಲವಾ. ನನಗೇನೂ ಆಗಿಲ್ಲ."

"ಎತ್ರಿ ಅಂದ್ರ ಎತ್ರಿ."

ಗೋಡೆ ಹಿಡಿದು ಬಲಗಾಲು ಎತ್ತಿದೆ. ಅಂಗಾಲಿನ ನಡುವೆ ಸೋಡಾ ಬಾಟಲಿಯ ಗಾಜಿನ ಚೂರೊಂದು, ಹೆಬ್ಬೆರಳ ಉಗುರಿನಷ್ಟು ದೊಡ್ಡದು, ಹೂತುಕೊಂಡಿತ್ತು, ರಕ್ತ ತೊಟ್ಟಿಕ್ಕುತ್ತಿತ್ತು. ಯಾರದೋ ಕಾಲನ್ನು ನೋಡಿದಂತೆ ನೋಡುತ್ತ ನಿಂತೆ.

"ನೋವಿಲ್ಲೇನ್ರಿ?" ಎಂದಳು ಲಕ್ಕವ್ವ.

"ಇಲ್ಲ."

"ಒಟ್ಟs ಇಲ್ಲ?"

"ಇಲ್ಲವಾ."

ಅವಳ ಮುಖ ಬದಲಾಯಿತು. ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ನರ್ಸಬಾಯಿಯ ಮುಂದೆ ಕೂರಿಸಿದಳು. ನರ್ಸಬಾಯಿ ಚಿಮಟಿಗೆಯಿಂದ ಗಾಜು ತೆಗೆದರು, ಆಗಲೂ ನೋವಿಲ್ಲ. ಹತ್ತಿ ಒತ್ತಿದಾಗ ಬೆರಳುಗಳ ಬುಡದಲ್ಲಿ ಜಡ್ಡುಗಟ್ಟಿದ ಹಳೆಯ ಚರ್ಮದಿಂದ ಕೀವು ಬಂತು. ಅವರು ಹುಬ್ಬು ಗಂಟಿಕ್ಕಿ ಅಲ್ಲಿ ಇನ್ನಷ್ಟು ಕೆದಕಿದರು, ಏನನ್ನೋ ಹಿಡಿದು ಎಳೆದರು. ಕಪ್ಪಗಾದ ಒಂದು ಸೂಜಿಯ ತುಂಡು ಹೊರಬಂತು.

"ಗಾಜು ಇವತ್ತಿಂದು. ಇದು ಯಾವಾಗಿಂದು?"

ಅದು ನನ್ನ ಹೊಲಿಗೆ ಮಷಿನ್ನಿನ ಸೂಜಿ. ನಾನು ಬರಿಗಾಲಲ್ಲಿ ಮಷಿನ್ ತುಳಿಯುತ್ತೇನೆ. ಯಾವತ್ತು ಮುರಿದು ಕೆಳಗೆ ಬಿತ್ತೋ, ಯಾವತ್ತು ಕಾಲಿಗೆ ಹೊಕ್ಕಿತೋ ದೇವರಿಗೇ ಗೊತ್ತು. ಹಿಂದಿನ ತಿಂಗಳು ಅದನ್ನು ಒಳಗಿಟ್ಟುಕೊಂಡೇ ತುಳಸಿಗೇರಿಗೆ ನಡೆದಿದ್ದೆನೇನೋ. ಕಲ್ಲು ಒತ್ತುವುದಿಲ್ಲ ಎಂದು ಬೀಗಿದ್ದೆನಲ್ಲ, ಆ ಮಾತೆಲ್ಲ ನೆನಪಾಯಿತು.

ಇಳಿಹೊತ್ತಿಗೆ ಡಾಕ್ಟರರ ಜೀಪು ಬಂತು. ನರ್ಸಬಾಯಿ ಅವರಿಗೆ ಚಹಾ ಕುಡಿಯಲೂ ಬಿಡದೆ ಕರೆತಂದರು. ಅವರು ಕಾಲು ನೋಡಿದರು, ಕಂಪೌಂಡರನಿಂದ ನನ್ನ ಬಾಟಲಿಯನ್ನೂ ಕಾಯಿಸಿ ನೋಡಿಸಿದರು. "ಬಾಟ್ಲಿ ನೀಲಿ ಅಂತದ, ಕಾಲಿನ ಬೆರಳು ತಳದಾಗ ಕಪ್ಪಗಾಗೇದ. ನಾ ಯಾವುದನ್ನ ನಂಬ್ಲಿ?" ಎಂದು ಕೇಳಿದರು. ನಾನು ಗುರುವಾರದ ಗುಟ್ಟು ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಸಕ್ಕರಿಗೆ ಕಾಲಿನ ನರ ಸತ್ತಾವ, ಅದಕ್ಕ ನೋವು ತಿಳಿಯಂಗಿಲ್ಲ. ಇವತ್ತು ಅಷ್ಟು ದೂರ ನಡದಿದ್ರ ಈ ಕಾಲು ನಿಮಗ ಉಳೀತಿದ್ದಿಲ್ಲ" ಎಂದಷ್ಟೇ ಹೇಳಿದರು.

ಆಗ ನನಗೆ ಹೊಳೆಯಿತು. ಆ ದಿನ ಕಿಟಕಿ ತೆರೆದಿದ್ದರೆ ನೀಲಿ ಚೀಟಿ ಸಿಕ್ಕಿರುತ್ತಿತ್ತು, ಹತ್ತು ಗಂಟೆಗೆಲ್ಲ ನಾನು ತುಳಸಿಗೇರಿಯ ದಾರಿಯಲ್ಲಿರುತ್ತಿದ್ದೆ. ಕಾಟಿನ ಮೇಲೆ ಮಲಗಿ ಮಗುವಿನ ಹಾಗೆ ಅತ್ತೆ. ಯಾರಾದರೂ ನೋಡಲಿ ಎಂದು ಕೇಳಿದ್ದೆ, ಸ್ವಾಮಿ ನೋಡಿಸಿದ. ಆದರೆ ಬೇವೂರಿನ ಆ ಮುದುಕ ಅಂದು ಔಷಧವಿಲ್ಲದೆ ಹಾಗೇ ಮರಳಿ ಹೋದನಂತೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ, ಅವನಿಗಾಗಿ ಇವತ್ತಿಗೂ ಬೇಡಿಕೊಳ್ಳುತ್ತೇನೆ.

ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಮೂರು ವಾರ ಅಲ್ಲೇ ಇದ್ದೆ. ಗಂಗವ್ವ ತುಳಸಿಗೇರಿಗೆ ಹೋಗಿ, ಬರಿಗಾಲಿನ ಹರಕೆಗೆ ಏನು ಮಾಡಬೇಕೆಂದು ಪೂಜಾರಿಯವರನ್ನು ಕೇಳಿದಳು. "ಅವ್ವಾ, ಉಳಿಸಿ ಕೊಟ್ಟ ಕಾಲನ್ನ ಅಂವ ಮತ್ತ ಕೇಳಂಗಿಲ್ಲ. ಬಸ್ಸಿಗೆ ಬರ್ಲಿ" ಎಂದರಂತೆ.

ದೀಪಾವಳಿಗೆ ಒಂದು ಕುಬಸ ಹೊಲಿದುಕೊಂಡು ಲಕ್ಕವ್ವನಿಗೆ ಕೊಡಲು ಹೋದೆ. ಅವಳಿಗೆ ಗುರುತು ಸಿಗಲಿಲ್ಲ. "ದಿನಾ ಇಷ್ಟು ಮಂದಿ, ಮಾರಿ ಎಲ್ಲಿ ನೆನಪಿರ್ತಾವಣ್ಣಾ? ಕಾಲ ತೋರಸ್ರಿ" ಎಂದಳು. ತೋರಿಸಿದೆ. ಹೊಲಿಗೆ ಹಾಕಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ, "ತಿಳೀತದೇನ್ರಿ?" ಎಂದಳು. "ಇಲ್ಲವಾ" ಎಂದೆ. "ಹಂಗಾದ್ರ ದಿನಾ ಮನ್ಯಾಗ ಯಾರಿಗರೆ ತೋರಸ್ರಿ. ನಾ ಎಲ್ಲಾ ಕಡೆ ಇರಂಗಿಲ್ಲ."

ಈಗ ಬಾಯಿಯನ್ನು ತಿಂಗಳಿಡೀ ಕಟ್ಟಿದ್ದೇನೆ. ಚೀಟಿಯಲ್ಲಿ ಹಸಿರು ಬಂದರೆ ಹಸಿರು ಎಂದೇ ಮನೆಯಲ್ಲಿ ಹೇಳುತ್ತೇನೆ. ಬೆಳಿಗ್ಗೆ ಸ್ನಾನವಾದ ಮೇಲೆ ಗಂಗವ್ವ ನನ್ನ ಎರಡೂ ಅಂಗಾಲು ನೋಡುತ್ತಾಳೆ, ಆಮೇಲೆ ದೇವರ ಪೂಜೆ. ಬಲಗಾಲಿನಲ್ಲಿ ಸ್ಪರ್ಶ ತಿರುಗಿ ಬರಲಿಲ್ಲ, ಎಡಗಾಲಿನಲ್ಲಿ ಅಷ್ಟಿಷ್ಟು ಉಳಿದಿದೆ. ಮೊನ್ನೆ ಸಂತೆಗೆ ಹೋಗುವಾಗ ಚಪ್ಪಲಿಯ ಮೊಳೆಯೊಂದು ಮೇಲೆದ್ದು ಎಡಗಾಲಿಗೆ ಚುಚ್ಚಿತು. ನೋವಾಯಿತು, ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ದಾರಿಬದಿಯ ಕಟ್ಟೆಯ ಮೇಲೆ ಕುಳಿತು, ತುಳಸಿಗೇರಿಯ ದಿಕ್ಕಿಗೆ ತಿರುಗಿ, ಎರಡೂ ಕೈ ಎತ್ತಿ ಮುಗಿದೆ.