ಜಗಲಿಯ ಮೇಷ್ಟ್ರು

ಕೆ.ಆರ್. ಪೇಟೆಯಲ್ಲಿ ನನಗೆ ಯೋಗ ಕಲಿಸಿದವರು ನನ್ನ ಒಂದು ಆಸನವನ್ನೂ ಕಣ್ಣಾರೆ ನೋಡಲಿಲ್ಲ. ಒಂಟಿ ಹೆಂಗಸಿನ ಬಾಡಿಗೆ ಮನೆಯೊಳಗೆ ಕಾಲಿಡಬಾರದೆಂದು, ನಿವೃತ್ತರಾಗಿದ್ದ ಆ ಡ್ರಿಲ್ ಮೇಷ್ಟ್ರು ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತು, ಕಣ್ಣು ಮುಚ್ಚಿ ಪಾಠ ಹೇಳುತ್ತಿದ್ದರು. ಒಳಗೆ ಚಾಪೆಯ ಮೇಲೆ ನಾನು. ಕೈ ಎತ್ತಲು ಹೇಳುವಾಗ ಅವರ ಕೈಯೂ ಮೇಲೇಳುತ್ತಿತ್ತು.

"ಉಸಿರು ಬುಡವ್ವ, ಕಟ್ಟಿಟ್ಕಂಡು ಏನ್ ಮಾಡೀಯೆ?"

ಶಾಲೆಯಲ್ಲಿ ಮಕ್ಕಳಿಗೆ ಪಾಠ ಮುಗಿಸಿ ಬಂದಮೇಲೆ ಆ ಊರಲ್ಲಿ ನನ್ನನ್ನು ಮಾತಾಡಿಸುತ್ತಿದ್ದ ದನಿ ಅದೊಂದೇ. ಯೋಗಕ್ಕೆ ಕಾರಣವಾಗಿದ್ದ ಬೆನ್ನುನೋವು ಎಂದೋ ವಾಸಿಯಾಗಿತ್ತು, ನಾನು ಹೇಳಿರಲಿಲ್ಲ.

ಒಂದು ಸಂಜೆ ಸಿಂಧಘಟ್ಟದ ಶಾಲೆಯಿಂದ ಬರುವಾಗ ಬಸ್ಸು ಕೆಟ್ಟು ತಡವಾಯಿತು. ಮೇಷ್ಟ್ರು ಕಾದು ಹೊರಟುಹೋಗಿರುತ್ತಾರೆ ಎಂದುಕೊಂಡು ಬೀದಿಗೆ ತಿರುಗಿದೆ. ಬೆಳಿಗ್ಗೆ ನಾನು ಹಾಕಿದ್ದ ಬೀಗ ಹಾಗೇ ತೂಗುತ್ತಿತ್ತು. ಅದರ ಮುಂದೆ ಮೇಷ್ಟ್ರು ಕಣ್ಣು ಮುಚ್ಚಿ ಕೂತು, ಕೈ ಎತ್ತಿ ಇಳಿಸುತ್ತಿದ್ದರು.

"ಉಸಿರು ಬುಡವ್ವ..."

ನಾನು ಎದುರುಮನೆಯ ಗೋಡೆಯ ಮರೆಯಲ್ಲೇ ನಿಂತುಬಿಟ್ಟೆ. ಅವರು ಪಾಠ ಮುಗಿಸಿ ಎದ್ದು, ಪಂಚೆ ಕೊಡವಿ, ಬೀಗದ ಕಡೆ ತಿರುಗಿದರು.

"ಇವತ್ತು ಚೆಂದಾಗ್ ಮಾಡ್ದೆ ಕಣವ್ವ."

ಒಳಗೆ ನಾನಿದ್ದಾಗ ಅವರು ಒಮ್ಮೆಯೂ ಹಾಗೆ ಹೇಳಿರಲಿಲ್ಲ.